ಪಕ್ಕದವರ ದಡ

ಕರ್ನಲ್ ಅನಂತಕೃಷ್ಣ ಅವರಿಗೆ ಸಮುದ್ರದ ಪರಿಚಯವಾದದ್ದು ಐವತ್ತಮೂರನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಅವರಿಗೆ ಗೊತ್ತಿದ್ದುದೆಲ್ಲ ಹೊಳೆ.

ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ 1966ರಲ್ಲಿ ಅವರು ಸೇನೆಯ ಎಂಜಿನಿಯರುಗಳ ದಳ ಸೇರಿದರು. ಈ ದಳದ ಕೆಲಸವನ್ನು ಸರಳವಾಗಿ ಹೇಳುವುದಾದರೆ, ನಮ್ಮವರಿಗೆ ದಾರಿ ಮಾಡುವುದು, ಎದುರಿನವರ ದಾರಿ ಮುಚ್ಚುವುದು. ಅವರ ಪಾಲಿಗೆ ಹೆಚ್ಚಾಗಿ ಬಂದದ್ದು ಮೊದಲನೆಯದು. ನೌಕರಿಯ ಬಹುಭಾಗ ಹಿಮಾಲಯದ ಕಣಿವೆಗಳಲ್ಲಿ, ಹೊಳೆಯ ಪಕ್ಕದಲ್ಲಿ ಓಡುವ ರಸ್ತೆಗಳನ್ನು ಉಳಿಸುವುದರಲ್ಲೇ ಕಳೆಯಿತು. ಬೇಸಿಗೆಯಲ್ಲಿ ಹಿಮ ಕರಗಿ ಹೊಳೆ ಉಕ್ಕಿದಾಗ ದಡ ಕುಸಿಯುತ್ತದೆ, ದಡದ ಜೊತೆ ರಸ್ತೆಯೂ ಹೋಗುತ್ತದೆ. ಅದಕ್ಕೆ ಅವರ ಬಳಿ ಒಂದು ಔಷಧವಿತ್ತು. ದಪ್ಪ ತಂತಿಯ ಬಲೆಯಲ್ಲಿ ಪೆಟ್ಟಿಗೆ ಹೆಣೆಯುವುದು, ಅದರೊಳಗೆ ಹೊಳೆಯ ಕಲ್ಲನ್ನೇ ತುಂಬಿ ಹೊಲಿಯುವುದು, ಅಂಥ ಪೆಟ್ಟಿಗೆಗಳನ್ನು ದಡದಿಂದ ನೀರಿನೊಳಕ್ಕೆ ಕೈ ಚಾಚಿದ ಹಾಗೆ ಒಂದರ ಮುಂದೊಂದು ಇಡುವುದು. ಹರಿವು ಆ ಕೈಗೆ ಬಡಿದು ನಡುವಿಗೆ ಸರಿಯುತ್ತದೆ, ದಡ ಉಳಿಯುತ್ತದೆ.

ಅವರ ಇನ್ನೊಂದು ಪದ್ಧತಿಯೂ ಆ ಕಣಿವೆಗಳಲ್ಲೇ ರೂಢಿಯಾದದ್ದು. 1979ರಲ್ಲಿ ಒಂದು ಕಡೆ ರಸ್ತೆಯ ಅರ್ಧ ಅಗಲ ನೀರಿಗೆ ಹೋಗಿತ್ತು. ಮೇಲಿನವರ ಮಂಜೂರಾತಿ ಬರುವುದಕ್ಕೆ ತಿಂಗಳುಗಳು ಬೇಕು. ಮೇಜರ್ ಆಗಿದ್ದ ಅವರು ಯಾರನ್ನೂ ಕೇಳದೆ ಕಲ್ಲಿನ ಕೈ ಚಾಚಿಸಿದರು. ರಸ್ತೆ ಉಳಿಯಿತು. ಚಳಿಗಾಲದಲ್ಲಿ ಮಂಜೂರಾತಿ ಬಂತು, ಜೊತೆಗೆ ಪ್ರಶಂಸೆಯೂ ಬಂತು. ಆಮೇಲೆ ಅದೇ ಅವರ ನಡೆಯಾಯಿತು: ಮೊದಲು ಕೆಲಸ, ಆಮೇಲೆ ಒಪ್ಪಿಗೆ. ಅವರ ಹೆಂಡತಿ ರಾಜಲಕ್ಷ್ಮಿ ನೆಂಟರ ಎದುರು ಹೇಳುತ್ತಿದ್ದರು, "ನನ್ನ ವಿಷಯದಲ್ಲೂ ಹಾಗೇ ತಾನೆ ಮಾಡಿದ್ದು? ಮೊದಲು ಛತ್ರ ಗೊತ್ತು ಮಾಡ್ಕೊಂಡು ಬಂದ್ರು, ಆಮೇಲೆ ನಮ್ಮಪ್ಪನ್ನ ಕೇಳಿದ್ರು."

ಐವತ್ತೆರಡಕ್ಕೆ ನಿವೃತ್ತಿ. ಮರುವರ್ಷ, 1997ರಲ್ಲಿ, ಒಂದು ದೂರದ ದ್ವೀಪಪ್ರದೇಶಕ್ಕೆ ಆಡಳಿತಾಧಿಕಾರಿಯಾಗಿ ನೇಮಕ. ಅಲ್ಲಿ ಚುನಾಯಿತ ಸರ್ಕಾರವಿರಲಿಲ್ಲ. ಶಾಲೆ, ಹಡಗು, ಅಕ್ಕಿ, ಡೀಸೆಲ್ ಎಲ್ಲಕ್ಕೂ ಆ ಒಬ್ಬರ ಸಹಿ ಸಾಕು. ಕಾಗದದ ಮೇಲೆ ಹುದ್ದೆಯ ಹೆಸರು ಏನೇ ಇರಲಿ, ಜನ ಕರೆದದ್ದು ಗವರ್ನರ್ ಸಾಹೇಬ್ ಎಂದು.

ಮಳೆಗಾಲದಲ್ಲಿ ಮುಖ್ಯ ದ್ವೀಪದ ಹತ್ತಿರ ಹಡಗು ನಿಲ್ಲುತ್ತಿರಲಿಲ್ಲ. ಬಸುರಿಯರನ್ನೂ ರೋಗಿಗಳನ್ನೂ ಅಲೆಗಳ ನಡುವೆ ದೋಣಿಯಿಂದ ಹಡಗಿಗೆ ಎತ್ತಿ ಕಳಿಸಬೇಕಾಗಿತ್ತು. ಅವರು ಸಮುದ್ರದೊಳಕ್ಕೆ ಉದ್ದನೆಯ ಅಲೆತಡೆ ಗೋಡೆ ಕಟ್ಟಿಸಿದರು. ಎರಡು ವರ್ಷದಲ್ಲಿ ಅದು ಮುಗಿಯಿತು, ಹಡಗುಗಳು ವರ್ಷವಿಡೀ ನಿಲ್ಲತೊಡಗಿದವು. ಆದರೆ ಅವರು ಹೆಚ್ಚು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದುದು ಆ ಗೋಡೆಯ ವಿಷಯವನ್ನಲ್ಲ. ಅಧಿಕಾರದ ನಾಲ್ಕನೆಯ ವರ್ಷ ಅದೇ ದ್ವೀಪದ ಉತ್ತರದ ಕೇರಿಗೆ ಸಮುದ್ರ ನುಗ್ಗಿತು. ಮೀನುಗಾರರ ಮನೆಗಳ ಹಿತ್ತಿಲು ಹೋಯಿತು, ಆಮೇಲೆ ಮನೆಗಳೂ ಹೋದವು. ಅವರು ತಾವೇ ಹೋಗಿ ನೋಡಿದರು. ಒಳನಾಡಿನಲ್ಲಿ ಜಾಗ ಕೊಡಿಸಿ, ಒಂದೇ ಬೇಸಿಗೆಯಲ್ಲಿ ಇಡೀ ಕೇರಿಗೆ ಹೊಸ ಮನೆ ಕಟ್ಟಿಸಿದರು. ಮುದುಕಿಯೊಬ್ಬಳು ಅವರಿಗೆ ಹಾರ ಹಾಕಿ ಕೈ ಹಿಡಿದುಕೊಂಡು ಅತ್ತಳು. "ನನ್ನ ಸರ್ವೀಸ್‌ನಲ್ಲಿ ಒಂದು ಒಳ್ಳೇ ಕೆಲಸ ಅಂದ್ರೆ ಅದು," ಎಂದು ಅವರು ಹೇಳುತ್ತಿದ್ದರು.

ರಾಜಲಕ್ಷ್ಮಿ 2011ರಲ್ಲಿ ತೀರಿಕೊಂಡರು. ಮುಂದಿನ ವರ್ಷದಿಂದ ಅವರು ಪ್ರತಿ ಬೇಸಿಗೆ ಮೂರು ತಿಂಗಳು ಸ್ವೀಡನ್ನಿನ ಮಾಲ್ಮೋದಲ್ಲಿ ಮಗಳ ಮನೆಯಲ್ಲಿರತೊಡಗಿದರು. ಮಗಳು ಶೋಭನಾ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ, ಅಳಿಯ ಬದರಿನಾಥ ಐಟಿಯಲ್ಲಿ. ಮೊಮ್ಮಗಳು ಇರಾ ಹುಟ್ಟಿದ್ದು ಬೆಂಗಳೂರು, ಬೆಳೆದದ್ದು ಸ್ವೀಡನ್. ತಾತನ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮೂರು ಭಾಷೆಗಳಲ್ಲಿ ಬರುತ್ತಿತ್ತು.

ಅವರು ಹೋದ ಮೊದಲ ವರ್ಷವೇ ಬದರಿನಾಥ ದಕ್ಷಿಣ ಕರಾವಳಿಯ ಒಂದು ಹಳ್ಳಿಯಲ್ಲಿ ಬೇಸಿಗೆ ಮನೆ ಕೊಂಡಿದ್ದ. ಎರಡು ಕೋಣೆಯ ಮರದ ಮನೆ, ಮುಂದೆ ಹುಲ್ಲು, ಹುಲ್ಲಿನಾಚೆ ಕಾಡುಗುಲಾಬಿಯ ಬೇಲಿ, ಬೇಲಿಯಾಚೆ ಮರಳು, ಆಮೇಲೆ ಬಾಲ್ಟಿಕ್ ಸಮುದ್ರ. ಆ ಚಳಿಗಾಲದಲ್ಲಿ ಮರಳು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯಿತು. 2013ರ ಆಗಸ್ಟ್ ಹೊತ್ತಿಗೆ ಬೇಲಿಯ ಬೇರುಗಳು ಹೊರಗೆ ಕಾಣತೊಡಗಿದವು. ಕರ್ನಲ್ ಬೇರುಗಳನ್ನು ನೋಡಿದರು, ನೀರನ್ನು ನೋಡಿದರು, ಪಕ್ಕದ ರೈತನ ಹೊಲದಂಚಿನಲ್ಲಿ ರಾಶಿ ಬಿದ್ದಿದ್ದ ಕಲ್ಲುಗಳನ್ನು ನೋಡಿದರು.

"ನಾಲ್ಕು ಪೆಟ್ಟಿಗೆ ಸಾಕು," ಎಂದರು.

ಬದರಿನಾಥನಿಗೆ ಸಮಾಧಾನವಿರಲಿಲ್ಲ. "ಮಾವ, ಇಲ್ಲಿ ಬೀಚ್‌ನಲ್ಲಿ ಏನೂ ಕಟ್ಟೋ ಹಾಗಿಲ್ಲ. ಕೊಮ್ಮೂನ್ ಪರ್ಮಿಷನ್ ಬೇಕು." ಕೊಮ್ಮೂನ್ ಎಂದರೆ ಅಲ್ಲಿನ ಸ್ಥಳೀಯ ಆಡಳಿತ, ನಮ್ಮ ನಗರಸಭೆಯಂಥದು.

"ಕಟ್ಟೋದು ಎಲ್ರೀ? ಕಲ್ಲು ಇಡ್ತಿದೀವಿ. ಇಟ್ಟಿದ್ದನ್ನ ಎತ್ತಬಹುದು."

"ಆದ್ರೂ ಒಂದು ಈಮೇಲ್ ಹಾಕಿ ಕೇಳ್ಬಿಡ್ತೀನಿ."

"ಬದರಿ, ಸರ್ಕಾರದ ಎರಡೂ ಕಡೆ ಕೂತು ನೋಡಿದೋನು ಹೇಳ್ತೀನಿ ಕೇಳಿ. ಕೇಳಿದ್ರೆ ಬೇಡ ಅಂತಾರೆ. ಮಾಡಿ ತೋರಿಸಿದ್ರೆ ಭೇಷ್ ಅಂತಾರೆ."

"ತಾತ, ಇಲ್ಲಿ ಯಾರೂ ಭೇಷ್ ಅನ್ನಲ್ಲ," ಎಂದಳು ಇರಾ. "ಫಸ್ಟ್ ಮೀಟಿಂಗ್ ಮಾಡ್ತಾರೆ. ದೆನ್ ಫೀಕಾ, ಅಂದ್ರೆ ಕಾಫಿ ಬ್ರೇಕ್. ದೆನ್ ಇನ್ನೊಂದ್ ಮೀಟಿಂಗ್."

"ಅದಕ್ಕೇ ನಿಮ್ಮ ದೇಶ ಸಮುದ್ರಕ್ಕೆ ಹೋಗ್ತಿದೆ."

ಎಲ್ಲರೂ ನಕ್ಕರು. ಈಮೇಲ್ ಹೋಗಲಿಲ್ಲ.

ಒಂದು ಶನಿವಾರ ಮಾಲ್ಮೋದ ಕನ್ನಡ ಕುಟುಂಬಗಳು ಕಾರುಗಳಲ್ಲಿ ಪುಳಿಯೋಗರೆ, ಮೊಸರನ್ನ, ಮಕ್ಕಳ ಸಮೇತ ಬಂದಿಳಿದವು. ಬೇಲಿ ಹಾಕುವ ತಂತಿ ಬಲೆಯನ್ನು ಕರ್ನಲ್ ಹಿಂದಿನ ದಿನವೇ ಕತ್ತರಿಸಿ ಪೆಟ್ಟಿಗೆ ಮಾಡಿಟ್ಟಿದ್ದರು. ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ಸಾಗಿಸುವುದನ್ನು ಕಲಿಸಿದರು. ದೊಡ್ಡ ಕಲ್ಲು ಹೊರಗೆ, ಚಿಕ್ಕದು ಒಳಗೆ. ಕಂಪ್ಯೂಟರ್ ಮುಂದೆ ಕುಳಿತು ಬೆನ್ನು ಬಾಗಿದ ಗಂಡಸರು ಹತ್ತು ಗಂಟೆಯ ಹೊತ್ತಿಗೇ ಏದುಸಿರು ಬಿಡುತ್ತಿದ್ದರು.

"ಕರ್ನಲ್ ಸರ್, ಇದು ಶ್ರಮದಾನಾನೋ ಪೆರೇಡೋ?" ಎಂದು ಒಬ್ಬ ಕೂಗಿದ.

"ಎರಡೂ. ಪುಳಿಯೋಗರೆ ಬೇಕಾದೋರು ಮೂರನೇ ಪೆಟ್ಟಿಗೆ ತುಂಬಿ."

"ಸರ್, ನಾನು ಮೊಸರನ್ನದೋನು."

"ಹಾಗಾದ್ರೆ ನಾಲ್ಕನೇದು."

ಅಷ್ಟರಲ್ಲಿ ಪೂರ್ವದ ಬದಿಯ ಪಕ್ಕದ ಮನೆಯಿಂದ ಗುನ್ವೋರ್ ಬಂದರು. ಎಪ್ಪತ್ತೆಂಟು ವರ್ಷದ ಒಂಟಿ ಹೆಂಗಸು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಹಾಗಾಗಿ ಕರ್ನಲ್ ಜೊತೆ ಮಾತಿಗೆ ತೊಂದರೆಯಿರಲಿಲ್ಲ. ಕೈಯಲ್ಲಿ ಕಾಫಿಯ ಫ್ಲಾಸ್ಕು, ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ದಾಲ್ಚಿನ್ನಿ ಬನ್ನು. ಎಲ್ಲರಿಗೂ ಹಂಚಿದ ಮೇಲೆ ಕಲ್ಲಿನ ಪೆಟ್ಟಿಗೆಗಳ ಪಕ್ಕ ನಿಂತು ಮೆಲ್ಲಗೆ ಕೇಳಿದರು, "ಇದಕ್ಕೆ ಅನುಮತಿ ಇದೆಯಲ್ಲವೇ?"

"ಮೇಡಂ, ಇಂಥವನ್ನು ನಾನು ಎಷ್ಟೋ ಕಟ್ಟಿದ್ದೇನೆ," ಎಂದರು ಕರ್ನಲ್. "ಸುತ್ತ ಬರೀ ಸಮುದ್ರವೇ ಇದ್ದ ಪ್ರದೇಶಕ್ಕೆ ನಾನು ಗವರ್ನರ್ ಆಗಿದ್ದೆ."

ಸ್ವೀಡನ್ನಿನಲ್ಲೂ ಪ್ರತಿ ಪ್ರಾಂತಕ್ಕೆ ಒಬ್ಬ ಗವರ್ನರ್ ಇರುತ್ತಾರೆ. ಹೆಚ್ಚಿನ ಕಡೆ ಹಳೆಯ ಅರಮನೆಯಂಥ ನಿವಾಸ, ಗೌರವದ ಹುದ್ದೆ. ಗುನ್ವೋರ್ ಹುಬ್ಬೇರಿಸಿದರು. "ಗವರ್ನರ್! ಹಾಗಾದರೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ," ಎಂದು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದರು. ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಸಂಜೆಯ ಹೊತ್ತಿಗೆ ನಾಲ್ಕು ಪೆಟ್ಟಿಗೆಗಳ ಸಾಲು ಮರಳಿನಿಂದ ಮೊಣಕಾಲುದ್ದದ ನೀರಿನವರೆಗೆ ಚಾಚಿಕೊಂಡಿತ್ತು. ಸೆಪ್ಟೆಂಬರಿನಲ್ಲಿ ಕರ್ನಲ್ ಮೈಸೂರಿಗೆ ಹೊರಟರು.

ಆ ಡಿಸೆಂಬರಿನಲ್ಲಿ ದಕ್ಷಿಣ ಸ್ವೀಡನ್ನಿಗೆ ದೊಡ್ಡ ಬಿರುಗಾಳಿ ಬಂತು. ಒಂದು ವಾರದ ನಂತರ ಶೋಭನಾ ಫೋನ್ ಮಾಡಿದಳು. "ಅಪ್ಪ, ನಂಬಲ್ಲ ನೀವು. ನಮ್ಮ ಕಡೆ ಮರಳು ಹೋಗಿಲ್ಲ, ಬಂದಿದೆ! ಬೇಲಿಯ ಬೇರುಗಳೆಲ್ಲ ಮುಚ್ಚಿಹೋಗಿವೆ." ಅವಳು ಕಳಿಸಿದ ಚಿತ್ರವನ್ನು ಕರ್ನಲ್ ಬೆಳಗಿನ ವಾಕಿಂಗ್ ಗೆಳೆಯರಿಗೆಲ್ಲ ತೋರಿಸಿದರು. ಚಿತ್ರದಲ್ಲಿ ಕಲ್ಲಿನ ಸಾಲಿನ ಪಶ್ಚಿಮದ ಬದಿ ಮಾತ್ರ ಇತ್ತು. ಶೋಭನಾ ತನ್ನ ಮನೆಯ ಮುಂದೆ ನಿಂತು ತೆಗೆದದ್ದು, ಅದರಲ್ಲಿ ಅವಳ ತಪ್ಪೇನಿಲ್ಲ.

2014ರ ಜೂನ್‌ನಲ್ಲಿ ಅವರು ಮತ್ತೆ ಬಂದಾಗ ಚೀಲ ಇಳಿಸಿ ನೇರವಾಗಿ ದಡಕ್ಕೆ ಹೋದರು. ಮರಳು ಮೊದಲನೆಯ ಪೆಟ್ಟಿಗೆಯನ್ನು ಪೂರ್ತಿ ನುಂಗಿತ್ತು. ಅಗಲವಾದ, ಬೆಳ್ಳಗಿನ, ಕಾಲಿಗೆ ಹಿತವಾದ ದಡ. ಅವರು ಸಾಲಿನುದ್ದಕ್ಕೂ ನಡೆದು, ತುದಿಯ ಕಲ್ಲಿನ ಮೇಲೆ ನಿಂತು, ಇನ್ನೊಂದು ಬದಿಗೆ ತಿರುಗಿದರು.

ಆ ಬದಿಯಲ್ಲಿ ಮರಳಿರಲಿಲ್ಲ.

ಕಲ್ಲಿನ ಸಾಲು ಮುಗಿದಲ್ಲಿಂದ ದಡ ಕುಡುಗೋಲಿನ ಆಕಾರದಲ್ಲಿ ಒಳಕ್ಕೆ ಕೊರೆದುಹೋಗಿತ್ತು. ಗುನ್ವೋರ್ ಮನೆಯಿಂದ ನೀರಿಗಿಳಿಯುವ ಮರದ ಮೆಟ್ಟಿಲು ಗಾಳಿಯಲ್ಲಿ ನೇತಾಡುತ್ತಿತ್ತು. ಬಟ್ಟೆ ಬದಲಿಸುವ ಪುಟ್ಟ ಮರದ ಗೂಡು ಇದ್ದ ಜಾಗದಲ್ಲಿ ಹಸಿ ಮಣ್ಣಿನ ಗೋಡೆ. ಹುಲ್ಲಿನ ಅಂಚು ಅರ್ಧದಲ್ಲಿ ಕತ್ತರಿಸಿದ ಚಾಪೆಯಂತೆ ಮುಂದಕ್ಕೆ ಬಾಗಿತ್ತು. ಅಲ್ಲಿಂದ ಮನೆಗೆ ಹೆಚ್ಚು ದೂರವಿರಲಿಲ್ಲ.

ವಿಷಯ ಕಷ್ಟದ್ದಲ್ಲ. ಹೊಳೆಯಲ್ಲಿ ನೀರು ದಡದ ಉದ್ದಕ್ಕೆ ಹರಿಯುತ್ತದೆ. ಅಡ್ಡಲಾಗಿ ಚಾಚಿದ ಕಲ್ಲಿನ ಕೈ ಆ ಹರಿವನ್ನು ದೂರ ತಳ್ಳುತ್ತದೆ. ಸಮುದ್ರದಲ್ಲಿ ಅಲೆ ಓರೆಯಾಗಿ ಬಂದು ಬಡಿಯುತ್ತದೆ, ಪ್ರತಿ ಬಡಿತಕ್ಕೂ ಹಿಡಿಯಷ್ಟು ಮರಳನ್ನು ಸ್ವಲ್ಪ ಮುಂದಕ್ಕೆ ಒಯ್ಯುತ್ತದೆ. ಇವರ ಮನೆಯ ಮುಂದಿನ ಮರಳು ನಾಳೆ ಗುನ್ವೋರ್ ಮನೆಯ ಮುಂದೆ, ನಾಡಿದ್ದು ಅದರಾಚೆಯ ಮನೆಯ ಮುಂದೆ. ದಡವೆಂದರೆ ಅಲ್ಲಿ ನಿಂತಿರುವ ವಸ್ತುವಲ್ಲ, ಒಂದು ನಡಿಗೆ. ನಡುವೆ ಗೋಡೆ ಇಟ್ಟರೆ ಒಂದು ಕಡೆ ಮರಳು ನಿಲ್ಲುತ್ತದೆ. ಇನ್ನೊಂದು ಕಡೆಯಿಂದ ಅಲೆ ಒಯ್ಯುವುದು ನಿಲ್ಲುವುದಿಲ್ಲ, ಬರುವುದು ಮಾತ್ರ ನಿಲ್ಲುತ್ತದೆ. ಶೋಭನಾಳ ಅಂಗಳದಲ್ಲಿ ಬಂದು ಬಿದ್ದಿದ್ದ ಮರಳು ಗುನ್ವೋರ್ ಅವರದಾಗಿತ್ತು. ಇದನ್ನೆಲ್ಲ ಕರ್ನಲ್‌ಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕುಡುಗೋಲಿನ ಆಕಾರ ನೋಡಿದ ಕೂಡಲೇ ಅವರಿಗೆ ತಿಳಿಯಿತು. ಕಟ್ಟುವ ಮುಂಚೆ ಒಂದು ದಿನ ಸುಮ್ಮನೆ ಕುಳಿತು ಅಲೆ ನೋಡಿದ್ದರೂ ತಿಳಿಯುತ್ತಿತ್ತು.

ಅವರನ್ನು ಕಂಡು ಗುನ್ವೋರ್ ಅಂಗಳದ ಅಂಚಿಗೆ ಬಂದರು. "ಗವರ್ನರ್ ಬಂದಿರಾ! ನೋಡಿ ನನ್ನ ಅವಸ್ಥೆ. ಈ ಮನೆಗೆ ಬಂದು ನಲವತ್ತು ವರ್ಷದ ಮೇಲಾಯಿತು, ಸಮುದ್ರ ಇಷ್ಟು ಹತ್ತಿರ ಬಂದದ್ದೇ ಇಲ್ಲ. ಹವಾಮಾನ ಬದಲಾಗಿದೆ ಅಂತ ಮಗ ಹೇಳುತ್ತಾನೆ."

ಕರ್ನಲ್ ನೇತಾಡುತ್ತಿದ್ದ ಮೆಟ್ಟಿಲನ್ನೇ ನೋಡುತ್ತಿದ್ದರು.

"ನಿಮ್ಮದು ಮಾತ್ರ ಎಷ್ಟು ಚೆನ್ನಾಗಿ ಉಳಿದಿದೆ!" ಎಂದರು ಗುನ್ವೋರ್. "ನಾನು ದಿನವೂ ನೋಡುತ್ತೇನೆ. ಕೇಳುವುದಕ್ಕೆ ಸಂಕೋಚ, ಆದರೂ ಕೇಳುತ್ತೇನೆ. ನನಗೂ ಅಂಥದೊಂದು ಕಟ್ಟಿಕೊಡುತ್ತೀರಾ?"

ಕರ್ನಲ್ ಪೂರ್ವದ ಕಡೆ ನೋಡಿದರು. ಗುನ್ವೋರ್ ಮನೆಯಾಚೆ ಇನ್ನೊಂದು ಮನೆ, ಅದರಾಚೆ ಮತ್ತೊಂದು, ಹೀಗೆ ದೋಣಿಗಳ ಬಂದರಿನವರೆಗೂ ಮನೆಗಳಿದ್ದವು.

"ನೋಡೋಣ," ಎಂದರು. ಐದು ವರ್ಷ ಗವರ್ನರ್ ಆಗಿದ್ದಾಗ ಅಹವಾಲು ಹಿಡಿದು ಬಂದ ಪ್ರತಿಯೊಬ್ಬರಿಗೂ ಹೇಳುತ್ತಿದ್ದ ಮಾತು ಅದೇ.

ಅವರು ಮನೆಗೆ ಬಂದು ಊಟಕ್ಕೆ ಕುಳಿತರು, ಆದರೆ ಊಟ ಸೇರಲಿಲ್ಲ. ಪ್ರಯಾಣದ ಆಯಾಸವೆಂದು ಶೋಭನಾ ಅಂದುಕೊಂಡಳು. ಅವರ ತಲೆಯಲ್ಲಿದ್ದುದು ಬೇರೆ ಕುಡುಗೋಲು. ದ್ವೀಪದ ಅಲೆತಡೆ ಗೋಡೆ ಇದ್ದುದು ದಕ್ಷಿಣದ ತುದಿಗೆ. ಸಮುದ್ರ ನುಗ್ಗಿದ ಕೇರಿ ಅದೇ ಬದಿಯ ದಡದಲ್ಲಿ, ಗೋಡೆಗೆ ಉತ್ತರಕ್ಕೆ. ಗೋಡೆ ಮುಗಿದದ್ದು ಎರಡನೆಯ ವರ್ಷ, ಕೇರಿಯ ಮನೆಗಳು ಬಿದ್ದದ್ದು ನಾಲ್ಕನೆಯ ವರ್ಷ. ಇಷ್ಟು ಕಾಲ ಇವೆರಡೂ ಅವರ ಮನಸ್ಸಿನಲ್ಲಿ ಎರಡು ಬೇರೆ ಬೇರೆ ಕತೆಗಳಾಗಿದ್ದವು.

ಮರುದಿನ ಬೆಳಗ್ಗೆ ಅವರು ಮೈಸೂರಿನಲ್ಲಿದ್ದ ಶೇಷಾದ್ರಿಗೆ ಫೋನ್ ಮಾಡಿದರು. ಶೇಷಾದ್ರಿ ಆಗ ದ್ವೀಪದ ಲೋಕೋಪಯೋಗಿ ಎಂಜಿನಿಯರ್ ಆಗಿದ್ದವರು. ಅಷ್ಟು ದೂರದಲ್ಲಿ ಕನ್ನಡ ಮಾತಾಡಲು ಸಿಕ್ಕಿದ ಒಬ್ಬರೇ ಒಬ್ಬರೆಂದು ಸ್ನೇಹ ಉಳಿದುಬಂದಿತ್ತು.

"ಸರ್! ಏನು ಸ್ವೀಡನ್‌ನಿಂದ? ಆರೋಗ್ಯವಾಗಿದೀರಾ?"

"ಚೆನ್ನಾಗಿದೀನಿ. ಶೇಷಾದ್ರಿ, ಒಂದು ಹಳೇ ವಿಷಯ. ಆ ಉತ್ತರದ ಕೇರಿ ಕೊಚ್ಚಿಹೋಯ್ತಲ್ಲ, ಅದು ಯಾಕೆ ಹೋಯ್ತು?"

"ಯಾಕೆ ಅಂದ್ರೆ... ನಮ್ಮ ಗೋಡೆಯಿಂದ ಅಲ್ವಾ ಸರ್."

"ನಿಮಗೆ ಆಗ್ಲೇ ಗೊತ್ತಿತ್ತಾ?"

"ಎಲ್ರಿಗೂ ಗೊತ್ತಿತ್ತು ಸರ್. ಮರಳು ಗೋಡೆ ಹತ್ರ ನಿಂತುಬಿಡ್ತಿತ್ತಲ್ಲ. ಕೇರಿಯೋರೂ ಅದನ್ನೇ ಹೇಳ್ತಿದ್ರು."

"ನನಗೆ ಯಾಕೆ ಹೇಳ್ಲಿಲ್ಲ ನೀವು?"

"ಸರ್?" ಶೇಷಾದ್ರಿಯ ಧ್ವನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ನಿಮಗೆ ಗೊತ್ತಿದೆ ಅಂತಲೇ ಅಂದ್ಕೊಂಡಿದ್ವಿ. ನೀವೇ ಎಂಜಿನಿಯರು. ಗೊತ್ತಿದ್ದಕ್ಕೇ ತಾನೆ ಅಷ್ಟು ಬೇಗ ಮನೆ ಕೊಡಿಸಿದ್ದು? ಕೇರಿಯ ಹಿರಿಯರು ಹೇಳ್ತಿದ್ರು ಸರ್, ಈ ಸಾಹೇಬ ತನ್ನ ತಪ್ಪನ್ನ ತಾನೇ ತುಂಬಿಕೊಟ್ಟ, ಇಂಥೋರು ಅಪರೂಪ ಅಂತ. ಅದಕ್ಕೇ ಆ ಹಾರ ಹಾಕಿದ್ದು."

ಕರ್ನಲ್ ಕುಳಿತಿದ್ದ ಜಾಗದಿಂದ ಎದ್ದು ನಿಂತರು. ಮೇಲಧಿಕಾರಿ ಕೋಣೆಗೆ ಬಂದಾಗ ಎದ್ದು ನಿಲ್ಲುವ ಹಾಗೆ.

"ಆ ಗೋಡೆ ಈಗ..."

"ಇದೆಯಲ್ಲ ಸರ್. ಹಡಗೆಲ್ಲ ಅಲ್ಲೇ ನಿಲ್ಲೋದು. ಈಗ ಯಾರು ತೆಗೀತಾರೆ? ತೆಗೆದ್ರೆ ಆಸ್ಪತ್ರೆ ಹಡಗು ಎಲ್ಲಿ ನಿಲ್ಲುತ್ತೆ? ನೀವು ಮಾಡಿದ್ದು ಬೇಕಾಗಿತ್ತು ಸರ್."

ಬೇಕಾಗಿತ್ತು ಎಂಬುದೂ ಸುಳ್ಳಲ್ಲ. ಆದರೆ ಅದರಿಂದ ಅವರಿಗೆ ಸಮಾಧಾನವಾಗಲಿಲ್ಲ. ಕಟ್ಟಿದ್ದಕ್ಕಿಂತ ಅವರನ್ನು ಹೆಚ್ಚು ಸುಟ್ಟದ್ದು ಆ ಹಾರ. ಜನ ಅವರಲ್ಲಿಲ್ಲದ ಒಂದು ದೊಡ್ಡತನವನ್ನು ಕಂಡು ಕೈಮುಗಿದಿದ್ದರು. ಅವರು ಅದನ್ನು ಕರುಣೆಗೆ ಸಿಕ್ಕ ಗೌರವವೆಂದು ತಿಳಿದು, ಹದಿಮೂರು ವರ್ಷ ಎಲ್ಲರ ಎದುರು ಹೇಳಿಕೊಂಡಿದ್ದರು. ಕೇರಿಯ ಮುದುಕಿ ಅತ್ತದ್ದು ಕೃತಜ್ಞತೆಯಿಂದಲ್ಲ, ಅವರನ್ನು ಕ್ಷಮಿಸಿ. ಯಾವ ತಪ್ಪನ್ನು ಕ್ಷಮಿಸುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಆ ಸಂಜೆ ಅವರು ಮಗಳು ಅಳಿಯರನ್ನು ಕೂರಿಸಿಕೊಂಡು ವಿಷಯ ಹೇಳಿದರು. ದ್ವೀಪದ್ದಲ್ಲ, ಇಲ್ಲಿಯದು.

ಬದರಿನಾಥ ಕಿಟಕಿಯಾಚೆ ಕಲ್ಲಿನ ಸಾಲನ್ನು ನೋಡಿದ. "ಸರಿ ಮಾವ, ತೆಗೆದುಬಿಡೋಣ. ಒಂದು ವೀಕೆಂಡ್ ಕೆಲಸ. ಅವರಿಗೆ ಹೇಳೋದು ಯಾಕೆ?"

"ಅವರು ನನ್ನ ಕೈಲಿ ಗೋಡೆ ಕಟ್ಟಿಕೊಡಿ ಅಂತ ಕೇಳಿದಾರೆ ಬದರಿ."

"ಏನಾದ್ರೂ ಹೇಳಿ. ಬೆನ್ನು ನೋವು ಅನ್ನಿ." ಅವನು ಧ್ವನಿ ತಗ್ಗಿಸಿದ. "ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡಿ ಮೂರು ತಿಂಗಳಾಯ್ತು ಅಷ್ಟೇ. ಕೊಮ್ಮೂನ್ ಕಂಪ್ಲೇಂಟು, ಫೈನು ಅಂತ ಏನಾದ್ರೂ ಬಂದ್ರೆ ವರ್ಷಗಟ್ಲೆ ಮುಂದಕ್ಕೆ ಹೋಗುತ್ತೆ. ಮನೆ ನನ್ನ ಹೆಸರಲ್ಲಿದೆ ಮಾವ. ನೀವು ಸೆಪ್ಟೆಂಬರ್‌ಗೆ ಹೊರಟುಬಿಡ್ತೀರಿ."

ಆ ಕೊನೆಯ ಮಾತು ಆಡಬಾರದಿತ್ತೆಂದು ಅವನಿಗೇ ಅನ್ನಿಸಿತು. ಆದರೆ ಅದು ನಿಜವಾಗಿತ್ತು. ಕರ್ನಲ್ ತಲೆಯಾಡಿಸಿದರು.

"ನೀವು ಈಮೇಲ್ ಹಾಕ್ತೀನಿ ಅಂದ್ರಿ. ನಾನು ಬೇಡ ಅಂದೆ. ಅಂದಾಗ ಮನೆ ಯಾರ ಹೆಸರಲ್ಲಿದೆ ಅಂತ ಯೋಚನೆ ಮಾಡಲಿಲ್ಲ. ತಪ್ಪಾಯ್ತು ಬದರಿ."

ಬದರಿನಾಥ ತನ್ನ ಮಾವ ಈ ಮಾತು ಹೇಳಿದ್ದನ್ನು ಕೇಳಿದ್ದು ಅದೇ ಮೊದಲು. ಮುಖವೆತ್ತಿ ನೋಡಲಾರದೆ ಟೇಬಲ್ಲಿನ ಮೇಲಿದ್ದ ನೀರಿನ ಲೋಟವನ್ನು ತಿರುಗಿಸುತ್ತ ಕುಳಿತ.

ಮಾತಾಡಿದವಳು ಶೋಭನಾ. "ರೀ, ನಾನು ಡಿಸೆಂಬರ್‌ನಲ್ಲೇ ಫೋಟೋ ತೆಗೆದೆ. ಆ ಕಡೆ ಎರಡು ಹೆಜ್ಜೆ ಹೋಗಿ ನೋಡಲಿಲ್ಲ. ಗುನ್ವೋರ್ ನಮ್ಮ ಇರಾಗೆ ಈಜು ಕಲಿಸಿದೋರು. ಸಿಟಿಜನ್‌ಶಿಪ್ ತಡ ಆದ್ರೆ ಆಗ್ಲಿ. ಅಪ್ಪ, ನೀವು ಹೋಗಿ ಹೇಳಿ. ಕೊಮ್ಮೂನ್‌ಗೆ ನಾನೇ ಬರೀತೀನಿ."

ಬದರಿನಾಥ ಲೋಟವನ್ನು ಪಕ್ಕಕ್ಕೆ ಸರಿಸಿದ. "ನಿನ್ನ ಸ್ವೀಡಿಷ್ ಗ್ರಾಮರ್ ಸರಿಯಿಲ್ಲ. ನಾನೇ ಬರೀತೀನಿ," ಎಂದ.

ಕರ್ನಲ್ ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗುನ್ವೋರ್ ಮನೆಯ ಬಾಗಿಲು ತಟ್ಟಿದರು. ಒಳಗೆ ಕಾಫಿ ಇಳಿಯುವ ಸದ್ದು, ಪರಿಮಳ. ಅವರು ಹೊಸ್ತಿಲಲ್ಲೇ ನಿಂತು ಹೇಳಿದರು: ನಿಮ್ಮ ದಡ ತಿಂದದ್ದು ಹವಾಮಾನವಲ್ಲ, ನಾನು ಇಟ್ಟ ಕಲ್ಲು. ನಮ್ಮ ಕಡೆ ಇರುವ ಮರಳು ನಿಮ್ಮದು. ನಿಮಗೂ ಒಂದು ಗೋಡೆ ಕಟ್ಟಿದರೆ ಮುಂದಿನವರ ಮರಳು ನಿಮಗೆ ಬರುತ್ತದೆ, ಆದ್ದರಿಂದ ಕಟ್ಟಲಾರೆ. ನಮ್ಮದನ್ನು ತೆಗೆಯುತ್ತೇನೆ. ಹೋದದ್ದು ಎಷ್ಟು ಮರಳಿ ಬರುತ್ತದೆ ಎಂದು ಹೇಳುವಷ್ಟು ನನಗೆ ತಿಳಿಯದು.

ಅವರು ಪೂರ್ತಿ ಹೇಳಿ ಮುಗಿಸುವವರೆಗೆ ಗುನ್ವೋರ್ ಕಾದರು. ಮೂವತ್ತು ವರ್ಷ ಮಕ್ಕಳ ಸಮಜಾಯಿಷಿ ಕೇಳಿದ ಹೆಂಗಸು.

"ಅವತ್ತು ನಾನು ಕೇಳಿದೆ, ಅಲ್ಲವೇ?" ಎಂದರು. "ಅನುಮತಿ ಇದೆಯೇ ಅಂತ."

"ಕೇಳಿದಿರಿ."

"ನೀವು ಗವರ್ನರ್ ಆಗಿದ್ದೆ ಅಂದಿರಿ."

"ಅಂದೆ."

"ಅದು ನನ್ನ ಪ್ರಶ್ನೆಗೆ ಉತ್ತರವಾಗಿರಲಿಲ್ಲ."

"ಇಲ್ಲ," ಎಂದರು ಕರ್ನಲ್.

ಗುನ್ವೋರ್ ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. "ಹೇಳಿದ್ದಕ್ಕೆ ಧನ್ಯವಾದ," ಎಂದರು, ಸ್ವೀಡಿಷ್‌ನಲ್ಲಿ. ಆಮೇಲೆ ಬಾಗಿಲು ಮೆಲ್ಲಗೆ ಮುಚ್ಚಿತು. ಆ ಮನೆಗೆ ಹೋದವರನ್ನು ಅವರು ಕಾಫಿ ಕೊಡದೆ ಕಳಿಸಿದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

ಜುಲೈನಲ್ಲಿ ಕೊಮ್ಮೂನ್‌ನಿಂದ ಒಬ್ಬ ತರುಣಿ ಅಧಿಕಾರಿ ಬಂದಳು. ಎರಡೂ ಬದಿಯ ಚಿತ್ರ ತೆಗೆದಳು, ಅಳೆದಳು. ಇದನ್ನು ಕಟ್ಟುವುದೆಂದು ತೀರ್ಮಾನ ಮಾಡಿದ್ದು ಯಾರು ಎಂದು ಕೇಳಿದಳು. ಬದರಿನಾಥ ಬಾಯಿ ತೆರೆಯುವ ಮುನ್ನವೇ ಕರ್ನಲ್, "ನಾನೊಬ್ಬನೇ," ಎಂದರು. ಅವಳು ಬರೆದುಕೊಂಡಳು. ತೆಗೆಯಬೇಕು, ತಂತಿಯ ಒಂದು ಚೂರೂ ನೀರಿನಲ್ಲಿ ಉಳಿಯಬಾರದು, ದಂಡದ ವಿಷಯ ಆಮೇಲೆ ತಿಳಿಸುತ್ತೇವೆ ಎಂದಳು. ನೀವು ಮೊದಲೇ ಒಂದು ಮಾತು ಕೇಳಿದ್ದರೆ ನಮ್ಮ ಭೂವಿಜ್ಞಾನಿ ಬಂದು ಉಚಿತವಾಗಿ ನೋಡಿ ಹೇಳುತ್ತಿದ್ದರು ಎಂದೂ ಹೇಳಿದಳು, ಯಾವ ಕುಹಕವೂ ಇಲ್ಲದೆ.

ಕಟ್ಟುವಾಗ ಬಂದವರನ್ನೆಲ್ಲ ಮತ್ತೆ ಕರೆಯೋಣವೇ ಎಂದು ಶೋಭನಾ ಕೇಳಿದಳು. ಅವರೆಲ್ಲ ಬರುತ್ತಿದ್ದರು.

"ಬೇಡ," ಎಂದರು ಕರ್ನಲ್. "ಅವತ್ತು ನನ್ನ ಮಾತು ನಂಬ್ಕೊಂಡು ಬಂದ್ರು. ಇದಕ್ಕೂ ಅವರ ಬೆನ್ನು ಮುರಿಯೋದು ಬೇಡ."

ಹಾಗಾಗಿ ಆಗಸ್ಟ್‌ನ ಶನಿವಾರ ಭಾನುವಾರಗಳಲ್ಲಿ ಮನೆಯವರಷ್ಟೇ ಆ ಕೆಲಸ ಮಾಡಿದರು. ಬದರಿನಾಥ ತಂತಿ ಕತ್ತರಿಸಿದ, ಶೋಭನಾ ಮತ್ತು ಇರಾ ಜಾರುಬಂಡಿಯಂಥ ಹಲಗೆಯ ಮೇಲೆ ಕಲ್ಲು ಎಳೆದರು. ಎಪ್ಪತ್ತು ವರ್ಷದ ಕರ್ನಲ್ ಮರಳಿನಲ್ಲಿ ಹೂತುಹೋಗಿದ್ದ ಮೊದಲನೆಯ ಪೆಟ್ಟಿಗೆಯನ್ನು ಸಲಿಕೆಯಿಂದ ಬಿಡಿಸಿದರು. ದಿಬ್ಬವಾಗಿ ನಿಂತಿದ್ದ ಮರಳನ್ನು ಬಾಂಡಲಿಯಲ್ಲಿ ತುಂಬಿ ಪೂರ್ವದ ಬದಿಗೆ ಹೊತ್ತು ಸುರಿದರು. ಅದರಿಂದ ಏನೂ ಆಗುವುದಿಲ್ಲ, ಒಂದು ಗಾಳಿಗೆ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಬದರಿನಾಥನಿಗೂ ಗೊತ್ತಿತ್ತು, ಆದರೂ ಅವನು ಎರಡನೆಯ ಬಾಂಡಲಿ ಹಿಡಿದ. ಪೌರತ್ವದ ಅರ್ಜಿ ಏನಾಗುತ್ತದೆಂದು ಆಗಿನ್ನೂ ತಿಳಿದಿರಲಿಲ್ಲ. ಆ ಬೇಸಿಗೆಯುದ್ದಕ್ಕೂ ಅಂಚೆಯ ಪೆಟ್ಟಿಗೆಯ ಸದ್ದಾದಾಗೆಲ್ಲ ಕರ್ನಲ್ ಅಳಿಯನ ಮುಖ ನೋಡದೆ ಬೇರೆ ಕಡೆ ತಿರುಗುತ್ತಿದ್ದರು.

ಕೊನೆಯ ಭಾನುವಾರ ಕೆಲಸ ಮುಗಿಯಿತೆಂದು ಸಲಿಕೆ ತೊಳೆಯುತ್ತಿದ್ದಾಗ ಗುನ್ವೋರ್ ತಮ್ಮ ಅಂಗಳದ ಕತ್ತರಿಸಿದ ಅಂಚಿಗೆ ಬಂದು ನಿಂತರು. ಕೋಟಿನ ಜೇಬಿನಲ್ಲಿ ಎರಡೂ ಕೈ. ಜೂನ್‌ನಿಂದ ಅವರು ಆ ಕಡೆ ಬಂದಿರಲಿಲ್ಲ. ಕಲ್ಲಿನ ಸಾಲಿದ್ದ ಜಾಗವನ್ನು ದಡದಿಂದ ತುದಿಯವರೆಗೆ ನಿಧಾನವಾಗಿ, ಹಾಜರಿ ತೆಗೆದುಕೊಳ್ಳುವ ಮೇಷ್ಟರಂತೆ ನೋಡಿದರು.

ಕರ್ನಲ್ ಟೋಪಿ ತೆಗೆದು ನಿಂತರು.

ಗುನ್ವೋರ್ ಒಂದು ಕೈ ಹೊರಗೆ ತೆಗೆದು ನೀರಿನ ಕಡೆ ತೋರಿಸಿದರು. "ಅಲ್ಲಿ ಒಂದು ಕಲ್ಲು ಉಳಿದಿದೆ."

ಬದರಿನಾಥ ಪ್ಯಾಂಟು ಮಡಿಚತೊಡಗಿದ. ಕರ್ನಲ್ ಅವನ ಭುಜದ ಮೇಲೆ ಕೈಯಿಟ್ಟು ತಡೆದರು. ಷೂ ಬಿಚ್ಚಿ ಒಂದರ ಪಕ್ಕ ಒಂದನ್ನು ಜೋಡಿಸಿಟ್ಟು ನೀರಿಗಿಳಿದರು. ಅಲೆ ಕೊರೆದ ಜಾಗದಲ್ಲಿ ತಣ್ಣಗಿನ ನೀರು ಸೊಂಟಕ್ಕೆ ಬಂತು. ಕಾಲಿನಿಂದ ತಡಕಿದರು, ಸಿಗಲಿಲ್ಲ.

"ಇನ್ನೂ ಎಡಕ್ಕೆ," ಎಂದರು ಗುನ್ವೋರ್ ದಡದಿಂದ.

ಕರ್ನಲ್ ಎಡಕ್ಕೆ ಸರಿದರು.